ಬ್ಯಾನರಿನ ಮನೆ, ನಮ್ಮ ಮನೆ: ಆವಾಸ್ ಯೋಜನೆಯಲ್ಲಿ ಅವ್ವನ ಸೂರು ಕಟ್ಟಿಸಿದ ಅನುಭವ

ಪ್ರಧಾನಮಂತ್ರಿ ಆವಾಸ್ ಯೋಜನೆಯ ನಗರ ಭಾಗದಲ್ಲಿ ಅವ್ವನ ಹೆಸರಿಗೆ ಮಂಜೂರಾಗಿದ್ದ ಮನೆ ಅಂತೂ ಮುಗಿಯಿತು. ಕಡೆಯ ಕಂತೂ ಖಾತೆಗೆ ಬಿದ್ದಿದೆ. ನಮ್ಮದು ಹಾವೇರಿ ಕಡೆಯ ಪುರಸಭೆ ಊರು. ಅಪ್ಪ ತೀರಿಕೊಂಡು ಬಹಳ ವರ್ಷಗಳಾದವು. ಅವ್ವ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾಳೆ. ನಾನು ಹುಬ್ಬಳ್ಳಿಯಲ್ಲಿ ಖಾಸಗಿ ಕೆಲಸದಲ್ಲಿದ್ದವಳು, ರಜೆ ಹಾಕಿಕೊಂಡು ಬಂದು ಕಾಗದಪತ್ರಗಳಿಗೆ ಓಡಾಡಿದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯ ಉಚಿತ ಪ್ರಯಾಣ ಸಿಕ್ಕಿದ್ದರಿಂದ ಬಸ್ ಖರ್ಚೊಂದು ಉಳಿಯಿತು. ಉಳಿದ ಖರ್ಚುಗಳ ಲೆಕ್ಕ ಮುಂದೆ ಬರುತ್ತದೆ.

ಅರ್ಜಿ ಹಾಕುವವರಿಗೆ ಯಾವ ಕಾಗದ ಎಲ್ಲಿ ಸಿಗುತ್ತದೆ ಎಂಬುದು ತಿಳಿಯಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಅದಕ್ಕಿಂತ ಹೆಚ್ಚಾಗಿ, ಈ ಯೋಜನೆಯ ಜಾಹೀರಾತುಗಳು ನಮ್ಮ ಓಣಿಯವರ ಮನಸ್ಸಿನೊಳಗೆ ಏನೇನು ಕೂರಿಸಿವೆ ಎಂಬುದನ್ನು ಹೇಳಬೇಕಿದೆ. ಯಾರಿಗೆ ಮನೆ ಸಿಗಬೇಕು, ಮನೆ ಎಂದರೆ ಹೇಗಿರಬೇಕು, ಮನೆ ಸಿಕ್ಕವರು ಹೇಗೆ ನಡೆದುಕೊಳ್ಳಬೇಕು ಎಂಬುದನ್ನೆಲ್ಲ ನಮ್ಮ ಜನ ಕಲಿತದ್ದು ನಿಯಮಾವಳಿ ಓದಿ ಅಲ್ಲ, ಬಸ್‌ಸ್ಟ್ಯಾಂಡಿನ ಬ್ಯಾನರ್ ನೋಡಿ.

ಆ ಬ್ಯಾನರ್ ವರ್ಷಗಟ್ಟಲೆ ಅಲ್ಲೇ ಇತ್ತು. ಯೋಜನೆ ಶುರುವಾದದ್ದು 2015ರ ಜೂನ್ 25ರಂದು, 2022ರೊಳಗೆ ಎಲ್ಲರಿಗೂ ಸೂರು ಎಂಬ ಗುರಿಯೊಂದಿಗೆ. ಗಡುವನ್ನು ಆಮೇಲೆ 2024ರ ಡಿಸೆಂಬರ್‌ವರೆಗೆ ಎಳೆದರು. ಬ್ಯಾನರಿನ ಒಂದು ಬದಿಗೆ ನಾಯಕರ ದೊಡ್ಡ ಮುಖ, ಇನ್ನೊಂದು ಬದಿಗೆ ಕೆನೆಬಣ್ಣದ ಪುಟ್ಟ ಮನೆ. ಮನೆಯ ಮುಂದೆ ಗಂಡ, ಹೆಂಡತಿ, ಶಾಲೆ ಸಮವಸ್ತ್ರದ ಇಬ್ಬರು ಮಕ್ಕಳು. ಹೆಂಡತಿಯ ಕೈಯಲ್ಲಿ ಕೀಲಿ. ಎಲ್ಲರೂ ನಗುತ್ತಿದ್ದಾರೆ.

ಅರ್ಜಿ ಹಾಕೋಣ ಎಂದು ನಾನು ಮೊದಲು ಹೇಳಿದಾಗ ಅವ್ವ ಅಂದದ್ದು: "ಗಂಡ ಮಕ್ಕಳು ಕೂಡಿ ಇರೋ ಮಂದಿಗೆ ಕೊಡೂದದು. ನನಗೆಲ್ಲಿ ಕೊಡ್ತಾರ?" ಯಾರೂ ಆಕೆಗೆ ಹಾಗೆ ಹೇಳಿರಲಿಲ್ಲ. ನಿಯಮದಲ್ಲಿ ವಿಧವೆಯರಿಗೆ ಅಡ್ಡಿಯೇ ಇಲ್ಲ. ಮನೆ ಮಹಿಳೆಯ ಹೆಸರಿನಲ್ಲೋ ಗಂಡಹೆಂಡತಿ ಇಬ್ಬರ ಹೆಸರಿನಲ್ಲೋ ಇರಬೇಕು ಎಂದೇ ಇದೆ. ಕುಟುಂಬದ ವಾರ್ಷಿಕ ಆದಾಯ 3 ಲಕ್ಷ ರೂಪಾಯಿಯೊಳಗಿದ್ದು, ದೇಶದಲ್ಲಿ ಎಲ್ಲೂ ಪಕ್ಕಾ ಮನೆ ಇಲ್ಲದಿದ್ದರೆ ಸಾಕು. ಆದರೂ ದಿನಾ ಆ ಚಿತ್ರದ ಕೆಳಗೆ ಬಸ್ಸಿಗೆ ಕಾದ ಹೆಣ್ಣುಮಗಳು, ಅದರಲ್ಲಿ ತನ್ನಂಥವರು ಕಾಣದ್ದರಿಂದ, ಇದು ತನಗಲ್ಲ ಎಂದು ತಾನೇ ತೀರ್ಮಾನಿಸಿಬಿಟ್ಟಿದ್ದಳು. ನಮ್ಮ ಓಣಿಯಲ್ಲಿ ಗಂಡ ಬಿಟ್ಟವರು, ಮದುವೆಯಾಗದೆ ಉಳಿದವರು, ಅಣ್ಣತಮ್ಮಂದಿರ ಮನೆಯ ಮೂಲೆಯಲ್ಲಿ ದಿನ ನೂಕುವವರು ಇದ್ದಾರೆ. ವಿಚಾರಿಸಿದರೆ ಅವರಲ್ಲಿ ಹೆಚ್ಚಿನವರು ಪುರಸಭೆಯ ಮೆಟ್ಟಿಲನ್ನೇ ಹತ್ತಿರಲಿಲ್ಲ.

ಕಾಗದದ ಕೆಲಸ ಉತಾರದಿಂದ, ಅಂದರೆ ಆಸ್ತಿ ಯಾರ ಹೆಸರಲ್ಲಿದೆ ಎಂದು ತೋರಿಸುವ ದಾಖಲೆಯಿಂದ, ಶುರುವಾಯಿತು. ಸ್ವಂತ ಜಾಗದಲ್ಲಿ ಮನೆ ಕಟ್ಟಿಕೊಳ್ಳುವವರಿಗೆ ಜಾಗ ಅರ್ಜಿದಾರರ ಹೆಸರಲ್ಲಿರಬೇಕು. ನಮ್ಮ ಹಳೇ ಹಂಚಿನ ಮನೆ ಇನ್ನೂ ಅಜ್ಜನ ಹೆಸರಲ್ಲೇ ಇತ್ತು. ನಾಡಕಚೇರಿಯಲ್ಲಿ ವಂಶಾವಳಿ, ಅಜ್ಜನದೂ ಅಪ್ಪನದೂ ಮರಣ ಪ್ರಮಾಣಪತ್ರ, ಕಾಕಾಂದಿರ ಒಪ್ಪಿಗೆ, ವಾಟ್ನಿ (ಆಸ್ತಿ ಪಾಲು) ಪತ್ರದ ನೋಂದಣಿ, ಅದಾದ ಮೇಲೆ ಪುರಸಭೆಯಲ್ಲಿ ಖಾತೆ ಬದಲಾವಣೆ, ಕಡೆಗೆ ಇ-ಆಸ್ತಿ ಉತಾರ. ಇಡೀ ಪ್ರಕ್ರಿಯೆಯಲ್ಲಿ ಅತಿ ಹೆಚ್ಚು ಕಾಲ ತಿಂದದ್ದು ಇದೇ. ಯೋಜನೆಯ ಅರ್ಜಿ ಯಾವಾಗ ಕರೆಯುತ್ತಾರೋ ನೋಡೋಣ ಎಂದು ಕೂರಬೇಡಿ, ಇವತ್ತೇ ನಿಮ್ಮ ಉತಾರ ತೆಗೆಸಿ ಯಾರ ಹೆಸರಿದೆ ನೋಡಿ. ಅಜ್ಜನದೋ ಮುತ್ತಜ್ಜನದೋ ಇದ್ದರೆ ಅದನ್ನು ಮೊದಲು ಸರಿಪಡಿಸಿಕೊಳ್ಳಿ. ಆಧಾರ್, ರೇಷನ್ ಕಾರ್ಡ್, ವೋಟರ್ ಐಡಿ, ಬ್ಯಾಂಕ್ ಪಾಸ್‌ಬುಕ್ ಈ ನಾಲ್ಕರಲ್ಲೂ ಹೆಸರು ಒಂದೇ ರೀತಿ ಇದೆಯೇ ಎಂದು ಅಕ್ಷರ ಅಕ್ಷರ ಕೂಡಿಸಿ ನೋಡಿಕೊಳ್ಳಿ. ಅವ್ವನದು ಒಂದರಲ್ಲಿ 'ವ್ವ' ಎಂದಿತ್ತು, ಇನ್ನೊಂದರಲ್ಲಿ 'ಮ್ಮ' ಎಂದಿತ್ತು. ಅದಕ್ಕೆ ನೋಟರಿ ಅಫಿಡವಿಟ್ ಬೇಕಾಯಿತು.

ಕಾಕಾಂದಿರ ಒಪ್ಪಿಗೆಯ ಹೊತ್ತಿಗೆ ಮನೆಯಲ್ಲಿ ಮಾತಿಗೆ ಮಾತು ಬೆಳೆಯಿತು. ಜಾಗವನ್ನು ನನ್ನ ತಮ್ಮನ ಹೆಸರಿಗೆ ಮಾಡಿಸಬೇಕೆಂದು ಸಣ್ಣ ಕಾಕಾ ಪಟ್ಟು ಹಿಡಿದ, ಹೆಣ್ಣುಮಕ್ಕಳ ಹೆಸರಿಗೇಕೆ ಆಸ್ತಿ ಎಂದು. ಆಗ ಅವ್ವ ತನ್ನ ಮೈದುನನಿಗೆ ಹೇಳಿದ ಮಾತು ನನಗೆ ಇನ್ನೂ ಕಿವಿಯಲ್ಲಿದೆ: "ಬಸ್‌ಸ್ಟ್ಯಾಂಡಿನ್ಯಾಗ ಫೋಟೋ ಹಚ್ಯಾರಲ್ಲ, ಅದರಾಗ ಕೀಲಿ ಯಾರ ಕೈಯಾಗೈತಿ, ನೋಡಿ ಬಾರಪಾ." ಕಾಕಾ ಸುಮ್ಮನಾದ. ಅವನಿಗೆ ಹಿಂದೂ ಉತ್ತರಾಧಿಕಾರ ಕಾಯ್ದೆ ವಿವರಿಸಿ ನಾನು ಸೋತಿದ್ದೆ. ಆ ಚಿತ್ರ ಗೆದ್ದಿತು. ಜಾಹೀರಾತು ಎಂದರೆ ಬರೀ ಕೇಡು ಎಂದು ನಾನು ಹೇಳಲಾರೆ. ಹೆಂಗಸಿನ ಕೈಗೆ ಕೀಲಿ ಕೊಟ್ಟ ಆ ಚಿತ್ರ ಎಷ್ಟೋ ಮನೆಗಳಲ್ಲಿ ಇಂಥ ಮಾತಿಗೆ ಆಸರೆಯಾಗಿರಬೇಕು. ಅಷ್ಟು ಬಲವಿರುವ ಚಿತ್ರದಲ್ಲಿ ವಿಧವೆಗೂ ಒಂಟಿ ಹೆಣ್ಣಿಗೂ ಜಾಗ ಕೊಟ್ಟಿದ್ದರೆ ಇನ್ನೆಷ್ಟು ಮಂದಿ ಧೈರ್ಯವಾಗಿ ಬರುತ್ತಿದ್ದರೋ ಎಂಬ ಹೊಟ್ಟೆಯುರಿ ಮಾತ್ರ ಉಳಿಯಿತು.

ಪಟ್ಟಣಗಳಲ್ಲಿ ಫಲಾನುಭವಿಗಳ ಪಟ್ಟಿ ಶಾಸಕರ ಅಧ್ಯಕ್ಷತೆಯ ಆಶ್ರಯ ಸಮಿತಿಯ ಮುಂದೆ ಹೋಗುತ್ತದೆ. ಅಲ್ಲಿಂದ ರಾಜ್ಯಕ್ಕೆ, ರಾಜ್ಯದಿಂದ ಕೇಂದ್ರಕ್ಕೆ. ಈ ಕಾಯುವಿಕೆಯ ಉದ್ದಕ್ಕೂ ನಮಗೆ ಸಿಕ್ಕ ಉತ್ತರ ಒಂದೇ, "ಇನ್ನೂ ಮ್ಯಾಲಿಂದ ಬಂದಿಲ್ಲ." ಆ ತಿಂಗಳುಗಳಲ್ಲಿ ಓಣಿಯಲ್ಲಿ ಹಬ್ಬಿದ್ದು ಬೇರೆಯೇ ನಂಬಿಕೆ: ಯಾರ ಫೋಟೊ ಬ್ಯಾನರಿನಲ್ಲಿದೆಯೋ ಅವರ ಕಡೆಯವರಿಗೆ ಮಾತ್ರ ಮನೆ ಬರುತ್ತದೆ ಎಂಬುದು. ಜನ ಅರ್ಜಿಯ ಸ್ವೀಕೃತಿ ಚೀಟಿ ಇಸಿದುಕೊಳ್ಳುವುದನ್ನು ಬಿಟ್ಟು, ಫೋಟೊದಲ್ಲಿರುವವರ ಹಿಂಬಾಲಕರ ಮನೆ ಬಾಗಿಲಿಗೆ ನಿಂತರು. ಸರ್ಕಾರಿ ಜಾಹೀರಾತುಗಳಲ್ಲಿ ರಾಷ್ಟ್ರಪತಿ, ಪ್ರಧಾನಿ, ಮುಖ್ಯ ನ್ಯಾಯಮೂರ್ತಿ ಬಿಟ್ಟು ಬೇರೆಯವರ ಫೋಟೊ ಬೇಡವೆಂದು 2015ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಮರುವರ್ಷ ಮಾರ್ಚ್‌ನಲ್ಲಿ ಅದನ್ನು ಸಡಿಲಿಸಿ ರಾಜ್ಯಪಾಲರು, ಮುಖ್ಯಮಂತ್ರಿ, ಸಚಿವರ ಫೋಟೊಗಳಿಗೂ ಒಪ್ಪಿಗೆ ಕೊಟ್ಟಿತು. ಆ ಮೊದಲಿನ ಆದೇಶ ಯಾಕೆ ಬಂದಿತ್ತು ಎಂಬುದು ಪುರಸಭೆಯ ಕಟ್ಟೆಯ ಮೇಲೆ ಕೂತಾಗ ನನಗೆ ಅರ್ಥವಾಯಿತು. ತೆರಿಗೆಯ ದುಡ್ಡಿನಿಂದ ಕಟ್ಟುವ ಮನೆಯ ಪಕ್ಕದಲ್ಲಿ ಒಂದು ಮುಖ ಅಚ್ಚಾದರೆ, ಬಡವರ ಕಣ್ಣಿಗೆ ಅದು ಆ ಮುಖದವರು ಕೊಟ್ಟ ದಾನವಾಗಿ ಕಾಣುತ್ತದೆ. ದಾನ ಕೇಳುವವರು ಹಕ್ಕಿನ ದನಿಯಲ್ಲಿ ಕೇಳುವುದಿಲ್ಲ. ನೀವು ಮಾತ್ರ ಸ್ವೀಕೃತಿ ಚೀಟಿಯಿಲ್ಲದೆ ಕೌಂಟರಿನಿಂದ ಹಿಂದೆ ಸರಿಯಬೇಡಿ. ಅದರ ಮೇಲೆ ತಾರೀಕು, ಸೀಲು ಎರಡೂ ಇರಲಿ.

ಇದೇ ಹೊತ್ತಿನಲ್ಲಿ ಇನ್ನೊಂದು ಬಗೆಯ ಜಾಹೀರಾತು ಓಣಿಗೆ ಬಂತು. ಖಾಸಗಿ ಲೇಔಟ್‌ನವರ ಕರಪತ್ರ: ಮನೆ ಸಾಲಕ್ಕೆ ಸರ್ಕಾರದ 2.67 ಲಕ್ಷ ಸಬ್ಸಿಡಿ, ತಕ್ಷಣ ಬುಕ್ ಮಾಡಿ ಎಂದು. ಎದುರುಮನೆಯ ಅಕ್ಕ ಬಾಡಿಗೆ ಕೋಣೆಯಲ್ಲಿರುವವಳು, ಮನೆಗೆಲಸ ಮಾಡಿ ಕೂಡಿಟ್ಟ ದುಡ್ಡನ್ನು ಮುಂಗಡ ಕೊಡಲು ಹೊರಟಿದ್ದಳು. ಬಡ್ಡಿಯ ಮೇಲಿನ ಆ ಸಬ್ಸಿಡಿ ಕಡಿಮೆ ಆದಾಯದವರಿಗೆ 2022ರ ಮಾರ್ಚ್ 31ಕ್ಕೇ ನಿಂತುಹೋಗಿತ್ತು. ಕರಪತ್ರ ಅದಾದ ಮೇಲೆ ಅಚ್ಚಾದದ್ದು. ಅಕ್ಕನನ್ನು ತಡೆಯಲು ಸಾಧ್ಯವಾಯಿತು, ಪಕ್ಕದ ಓಣಿಯ ಇಬ್ಬರು ಆಗಲೇ ಕೊಟ್ಟಾಗಿತ್ತು. ಇಂಥ ಕರಪತ್ರ ಕೈಗೆ ಬಂದರೆ ಮೊದಲು ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಸಂಖ್ಯೆ ಹುಡುಕಿ. ನೋಂದಾಯಿಸಲೇಬೇಕಾದ ಯೋಜನೆಯ ಜಾಹೀರಾತಿನಲ್ಲಿ ಆ ಸಂಖ್ಯೆ, ರೇರಾ ಜಾಲತಾಣದ ವಿಳಾಸ ಎರಡೂ ಎದ್ದು ಕಾಣುವಂತೆ ಇರಬೇಕು ಎಂದು 2016ರ ರೇರಾ ಕಾಯ್ದೆಯ 11ನೇ ಕಲಂ ಹೇಳುತ್ತದೆ. ಸುಳ್ಳು ಜಾಹೀರಾತು ನಂಬಿ ದುಡ್ಡು ಕಟ್ಟಿದ್ದರೆ ಬಡ್ಡಿ ಸಮೇತ ವಾಪಸು ಕೇಳುವ ದಾರಿ 12ನೇ ಕಲಂನಲ್ಲಿದೆ.

ಆ ಅಕ್ಕ ಯಾಕೆ ಅಷ್ಟು ಅವಸರಪಟ್ಟಳು ಎಂಬುದನ್ನು ಆಮೇಲೆ ಕೇಳಿದೆ. ಮಗಳಿಗೆ ಗಂಡು ನೋಡುತ್ತಿದ್ದಾರೆ, ಬಂದವರೆಲ್ಲ ಮೊದಲು ಕೇಳುವುದು "ಮನಿ ಸ್ವಂತದ್ದೋ ಬಾಡಿಗೀದೋ" ಎಂದು. ಮೊದಲೂ ಕೇಳುತ್ತಿದ್ದರು, ನಿಜ. ಆದರೆ ಸ್ವಂತ ಮನೆಯೇ ಮರ್ಯಾದೆ ಎಂದು ಗೋಡೆಗೋಡೆಯ ಮೇಲೂ ಬರೆದ ಈ ಹತ್ತು ವರ್ಷಗಳಲ್ಲಿ ಆ ಪ್ರಶ್ನೆಯ ಹರಿತ ಹೆಚ್ಚಿದೆ. ಎಲ್ಲರಿಗೂ ಕೊಟ್ಟರಂತೆ, ಇವರಿಗೇಕೆ ಸಿಗಲಿಲ್ಲ ಎಂಬ ಅನುಮಾನ ಈಗ ಜೊತೆಗೆ ಸೇರಿಕೊಂಡಿದೆ. ಲಾಕ್‌ಡೌನ್‌ನಲ್ಲಿ ವಲಸೆ ಕಾರ್ಮಿಕರು ಊರಿಗೆ ನಡೆದು ಹೋದ ಮೇಲೆ, 2020ರಲ್ಲಿ, ಕಡಿಮೆ ಬಾಡಿಗೆಯ ವಸತಿ ಸಂಕೀರ್ಣಗಳ ಯೋಜನೆಯನ್ನೂ ಇದೇ ಆವಾಸ್‌ನ ಅಡಿಯಲ್ಲಿ ತಂದರು. ಅದರ ಒಂದು ಬ್ಯಾನರನ್ನೂ ನಮ್ಮೂರಿನಲ್ಲಿ ನಾನು ಕಂಡಿಲ್ಲ. ಬಾಡಿಗೆಯ ಮನೆಯಲ್ಲಿ ಮರ್ಯಾದೆಯಿಂದ ಬದುಕುವ ಕುಟುಂಬದ ಚಿತ್ರ ಯಾವ ಗೋಡೆಯ ಮೇಲೂ ಇಲ್ಲ.

ಕಾರ್ಯಾದೇಶ ಬಂದ ದಿನ ಅವ್ವ ಶಾಲೆಯಲ್ಲಿ ಎಲ್ಲರಿಗೂ ಬೆಲ್ಲ ಹಂಚಿದಳು. ಒಂದು ಮುಖ್ಯ ವಿಷಯ: ಹಳೇ ಮನೆಯನ್ನು ಕೆಡವುವ ಮುಂಚೆ, ಪುರಸಭೆಯವರು ಬಂದು ಅದರ ಮುಂದೆ ನಿಮ್ಮನ್ನು ನಿಲ್ಲಿಸಿ ಮೊಬೈಲಿನಲ್ಲಿ ಫೋಟೊ ತೆಗೆದು ಜಾಗದ ಗುರುತಿನ ಸಮೇತ ಏರಿಸಬೇಕು. ಒಳ್ಳೆಯ ದಿನ ನೋಡಿ ಮೊದಲೇ ಕೆಡವಿದವರ ಕಡತ ಅಲ್ಲೇ ನಿಂತದ್ದನ್ನು ನೋಡಿದ್ದೇನೆ.

ಮುಂದೆ ಪಾಯ, ಲಿಂಟಲ್, ಛಾವಣಿ, ಪೂರ್ಣ ಎಂದು ಹಂತಹಂತಕ್ಕೂ ಫೋಟೊ, ಫೋಟೊ ಆದ ಮೇಲೆ ಕಂತು. ಪಾಯಕ್ಕೆ ದುಡ್ಡು ಮೊದಲು ನಮ್ಮದೇ. ಬ್ಯಾನರ್ ನೋಡಿದವರಿಗೆ ಈ ಮಾತು ಹೊಳೆಯುವುದೇ ಇಲ್ಲ. ಸರ್ಕಾರ ಮನೆ ಕಟ್ಟಿ ಕೀಲಿ ಕೊಡುತ್ತದೆ ಎಂದೇ ತಿಳಿದಿರುತ್ತಾರೆ. ಕೇಂದ್ರದ ಪಾಲು 1.5 ಲಕ್ಷ, ಅದರ ಮೇಲೆ ರಾಜ್ಯದ ಪಾಲು. ಚಿಕ್ಕ ಹಾಲ್, ಒಂದು ಕೋಣೆ, ಅಡುಗೆಮನೆ, ಬಚ್ಚಲು ಸೇರಿ ಒಳಗಿನ ಅಳತೆ 30 ಚದರ ಮೀಟರ್ ಒಳಗೇ ಇದ್ದರೂ ನಮ್ಮ ಖರ್ಚು ಐದೂವರೆ ಲಕ್ಷ ದಾಟಿತು. ಅವ್ವನ ಬೋರಮಾಳ ಸರ ಅಡವು ಹೋಯಿತು, ಸ್ತ್ರೀಶಕ್ತಿ ಸಂಘದಿಂದ ಸಾಲ ತಂದೆವು, ನನ್ನ ಉಳಿತಾಯ ಕರಗಿತು. ಕಟ್ಟುವಷ್ಟು ಕಾಲ ಬೇರೆ ಕಡೆ ಬಾಡಿಗೆ ಕೊಡಬೇಕು, ಅದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ. ಎರಡು ಕಂತಿನಷ್ಟು ದುಡ್ಡು ಕೈಯಲ್ಲಿ ಹೊಂದಿಸಿಕೊಳ್ಳದೆ ಪಾಯ ತೆಗೆಯಬೇಡಿ.

ಒಂದು ಕಂತು ಬಂದಿದೆ ಎಂದು ಕಚೇರಿಯ ಕಂಪ್ಯೂಟರ್ ಹೇಳುತ್ತಿತ್ತು, ಪಾಸ್‌ಬುಕ್‌ನಲ್ಲಿ ಇರಲಿಲ್ಲ. ಅದು ಅವ್ವನ ಗೃಹಲಕ್ಷ್ಮಿ ಹಣ ಬರುವ ಬೇರೆ ಬ್ಯಾಂಕಿನ ಖಾತೆಯಲ್ಲಿ ಕೂತಿತ್ತು. ಆಧಾರ್ ಯಾವ ಖಾತೆಗೆ ಜೋಡಣೆಯಾಗಿದೆಯೋ ಹಣ ಅಲ್ಲಿಗೇ ಹೋಗುತ್ತದೆ, ಅರ್ಜಿಯಲ್ಲಿ ಬರೆದ ಖಾತೆಗಲ್ಲ. ಬ್ಯಾಂಕಿನಲ್ಲಿ ಕೇಳಿ ಮೊದಲೇ ಖಚಿತ ಮಾಡಿಕೊಂಡರೆ ಈ ಅಲೆದಾಟ ತಪ್ಪುತ್ತದೆ.

ಪಾಯದ ಫೋಟೊ ದಿನದ ಮಾತು ಹೇಳಬೇಕು. ಸುತ್ತ ಕಲ್ಲು, ಮಣ್ಣು, ಬಿಸಿಲು. ಫೋಟೊ ತೆಗೆಯಲು ಬಂದ ಹುಡುಗ ಒಳ್ಳೆಯವನು, "ಅಮ್ಮಾರ, ಸ್ವಲ್ಪ ನಗ್ರಿ" ಎಂದ. ಅವ್ವ ಸೆರಗು ಸರಿಮಾಡಿಕೊಂಡು, "ಇನ್ನೂ ಪಾಯಾನ ಮ್ಯಾಲೆದ್ದಿಲ್ಲ, ಯಾತಕ್ಕ ನಗಲೋ ತಮ್ಮಾ?" ಎಂದಳು. ಆದರೂ ನಕ್ಕಳು. ಅವನೂ ಹೇಳಿದ, ನಕ್ಕ ಫೋಟೊ ಇದ್ದರೆ ಮೇಲಿನವರು ಪ್ರಚಾರಕ್ಕೆ ಆರಿಸಿಕೊಳ್ಳುತ್ತಾರೆ ಎಂದು. ನನಗೆ ಕೋಲ್ಕತ್ತದ ಸುದ್ದಿ ನೆನಪಾಯಿತು. 2021ರ ಫೆಬ್ರುವರಿಯಲ್ಲಿ ಅಲ್ಲಿನ ಪತ್ರಿಕೆಗಳಲ್ಲಿ ಈ ಯೋಜನೆಯ ಜಾಹೀರಾತು ಬಂದಿತ್ತು, ಮನೆ ಪಡೆದವರೆಂಬಂತೆ ಒಬ್ಬ ಮಹಿಳೆಯ ನಗುಮುಖದೊಂದಿಗೆ. ವರದಿಗಾರರು ಹುಡುಕಿಕೊಂಡು ಹೋದರೆ ಆಕೆ ಇದ್ದದ್ದು ಇಕ್ಕಟ್ಟಾದ ಬಾಡಿಗೆ ಕೋಣೆಯಲ್ಲಿ. ತನ್ನ ಫೋಟೊ ಯಾರು ಯಾವಾಗ ತೆಗೆದರೆಂಬುದೂ ಆಕೆಗೆ ತಿಳಿದಿರಲಿಲ್ಲ. ಮನೆ ಸಿಗದಿದ್ದರೂ ಬಡವರ ನಗು ಬೇಕಾಗುತ್ತದೆ ಎಂಬುದು ನನಗೆ ಸಹಿಸಲಾಗದ ಸಂಗತಿ. ಹಂತದ ದಾಖಲೆಗೆ ಫೋಟೊ ಕೊಡಲೇಬೇಕು, ಸರಿ. ಪ್ರಚಾರಕ್ಕೆ ಬಳಸುವುದಾದರೆ ಒಪ್ಪಿಗೆ ಕೇಳಲಿ. ಬೇಡವೆಂದವರ ಕಂತು ಅದಕ್ಕಾಗಿ ನಿಲ್ಲಬಾರದು.

ಗೋಡೆ ಏಳುವಾಗ ಮನೆಯ ನಕ್ಷೆಯ ಮೇಲೆ ಚರ್ಚೆ ಶುರುವಾಯಿತು. ಹಳೇ ಮನೆಗೆ ಬಾಗಿಲ ಎರಡೂ ಕಡೆ ಕಟ್ಟೆ ಇತ್ತು. ಸಂಜೆ ಓಣಿಯ ಹೆಂಗಸರು ಅಲ್ಲೇ ಕೂತು ಅವರೆ ಸುಲಿಯುವುದು, ಮೆಣಸಿನಕಾಯಿ ತೊಟ್ಟು ಬಿಡಿಸುವುದು. ದಾರಿಹೋಕರು ಕೇಳದೆಯೇ ಕೂತು ಸುಧಾರಿಸಿಕೊಂಡು ಹೋಗುವುದು. ಬ್ಯಾನರಿನ ಮನೆಗೆ ಕಟ್ಟೆ ಇಲ್ಲ. ಮೇಸ್ತ್ರಿ ಅದೇ ತರಹ ಕಟ್ಟೋಣ ಅಂದ, ನನ್ನ ತಮ್ಮ ಕಾಂಪೌಂಡ್, ಕಬ್ಬಿಣದ ಗೇಟು ಬೇಕು ಅಂದ. ನಮ್ಮ ಓಣಿಯಲ್ಲಿ ಈ ಯೋಜನೆಯಲ್ಲಿ ಎದ್ದ ಮನೆಗಳನ್ನು ನೋಡುತ್ತ ಹೋದರೆ ಒಂದಕ್ಕೂ ಕಟ್ಟೆ ಇಲ್ಲ. ಯಾವ ನಿಯಮವೂ ಅದನ್ನು ಬೇಡ ಎಂದಿಲ್ಲ, ಹೊರಗಿನ ಕಟ್ಟೆ ಒಳಗಿನ ಅಳತೆಗೆ ಸೇರುವುದೂ ಇಲ್ಲ. ಚಿತ್ರದಲ್ಲಿ ಇರಲಿಲ್ಲ, ಅಷ್ಟೆ. ಅದೇ ಚಿತ್ರದ ಪ್ಯಾರಾಪೆಟ್, ಟೈಲ್ಸ್, ಹೊಳೆಯುವ ಬಣ್ಣಕ್ಕಾಗಿ ಮೈಕ್ರೋಫೈನಾನ್ಸ್‌ನಿಂದ ವಾರದ ಕಂತಿನ ಸಾಲ ತಂದವರಿದ್ದಾರೆ. ಬಾಗಿಲಿಗೆ ವಸೂಲಿಯವರು ಬಂದು ನಿಲ್ಲುವುದು ನಮ್ಮ ಕಡೆ ಎಷ್ಟು ಹೆಚ್ಚಿತೆಂದರೆ ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಸಿಮೆಂಟ್ ನೆಲ, ಸುಣ್ಣದ ಗೋಡೆ ಇದ್ದರೂ ಪೂರ್ಣ ಹಂತದ ಕಂತಿಗೆ ತೊಂದರೆಯಾಗಲಿಲ್ಲ. ನಮ್ಮದು ಹಾಗೇ ಇದೆ. ಕಟ್ಟೆಯೂ ಇದೆ. ಅವ್ವ ಅದೊಂದು ವಿಷಯದಲ್ಲಿ ಯಾರ ಮಾತನ್ನೂ ಕೇಳಲಿಲ್ಲ. ಜಾಗದ ಗಡಿಯೊಳಗೇ, ಗಟಾರದಿಂದ ಒಳಗೆ, ಒಂದು ಮೊಳ ಅಗಲ.

ಮನೆ ಮುಗಿದು, ನಾವೇ ಬೀಗ ಕೊಂಡು, ಹಾಲುಕ್ಕಿಸಿ ಒಳಗೆ ಹೋದ ಮೇಲೆ ಕೀಲಿ ಹಸ್ತಾಂತರದ ಕಾರ್ಯಕ್ರಮಕ್ಕೆ ಕರೆ ಬಂತು. ಒಳ್ಳೆಯ ಸೀರೆ ಉಟ್ಟು ಬರಬೇಕೆಂದು ಹೇಳಿಕಳಿಸಿದ್ದರು. ಶಾಮಿಯಾನದಡಿ ಬೆಳಿಗ್ಗೆಯಿಂದ ಕೂತು, ಮಧ್ಯಾಹ್ನ ದಾಟಿದ ಮೇಲೆ ಗಣ್ಯರು ಬಂದರು. ವೇದಿಕೆಯ ಮೇಲೆ ಬಂಗಾರದ ಕಾಗದ ಹಚ್ಚಿದ ರಟ್ಟಿನ ದೊಡ್ಡ ಕೀಲಿ. ಒಬ್ಬೊಬ್ಬರನ್ನೇ ಕರೆದು ಅದನ್ನು ಕೈಗೆ ಕೊಡುವುದು, ಫೋಟೊ, ಮತ್ತೆ ಇಸಿದುಕೊಂಡು ಮುಂದಿನವರಿಗೆ ಕೊಡುವುದು. ಅವ್ವನ ಸರದಿಯಲ್ಲಿ ಆಕೆಯ ಸೊಂಟದಲ್ಲಿ ನಮ್ಮ ಮನೆಯ ನಿಜವಾದ ಕೀಲಿ ಸಿಕ್ಕಿಸಿಕೊಂಡಿತ್ತು. ಕೆಳಗಿಳಿದು ಬಂದವಳು, ಬಾಗಿ ಕೈಮುಗಿಯಲು ಹೇಳಿದರು, ಮುಗಿದೆ ಅಂದಳು. ಅಡವಿಟ್ಟ ಸರ ಆಕೆಯದು, ಶಾಲೆಯ ಒಲೆಯ ಮುಂದೆ ಬೆಂದ ವರ್ಷಗಳು ಆಕೆಯವು, ಸಹಾಯಧನ ಎಲ್ಲರ ತೆರಿಗೆಯದು. ಅಲ್ಲಿ ಬಾಗಬೇಕಾದವಳು ಆಕೆಯಲ್ಲ. ನನಗೆ ಆ ದಿನ ಸಿಟ್ಟು ಬಂದಿತ್ತು, ಈಗಲೂ ಇದೆ.

ಗೋಡೆಯ ಮೇಲೆ ಯೋಜನೆಯ ಲಾಂಛನ ಬರೆಸುವುದು ಕಡೆಯ ಹಂತ. ಇದರ ಭಾರ ಗೊತ್ತಾಗಬೇಕಾದರೆ ನಮ್ಮೂರಿನ ಜನತಾ ಪ್ಲಾಟಿಗೆ ಬರಬೇಕು. ದೇವರಾಜ ಅರಸರ ಕಾಲದ ಜನತಾ ಮನೆಗಳು ಅವು. ಐವತ್ತು ವರ್ಷವಾದರೂ ಅಲ್ಲಿನ ಹುಡುಗರನ್ನು ಊರು ವಿಳಾಸದಿಂದಲೇ ಅಳೆಯುತ್ತದೆ. ಈಗ ಒಂದೊಂದು ಮನೆಯ ಹಣೆಯ ಮೇಲೂ ಆ ಗುರುತು. ನಮ್ಮ ಹಿಂದಿನ ಓಣಿಯಲ್ಲಿ ಗಂಡಿನ ಕಡೆಯವರು ಬರುವ ದಿನ ಲಾಂಛನದ ಮೇಲೆ ಕ್ಯಾಲೆಂಡರ್ ತೂಗುಹಾಕಿದ್ದನ್ನು ಕಂಡಿದ್ದೇನೆ. ಕೇರಳ ಸರ್ಕಾರ 2024ರಲ್ಲಿ ತನ್ನ ಲೈಫ್ ಮಿಷನ್ ವಸತಿ ಯೋಜನೆಯ ಮನೆಗಳ ಮೇಲೆ ಇಂಥ ಲಾಂಛನ ಹಾಕುವುದಿಲ್ಲ, ಅದು ಅಲ್ಲಿ ವಾಸಿಸುವವರ ಘನತೆಗೆ ಕುಂದು ಎಂದು ಕೇಂದ್ರಕ್ಕೆ ಖಡಾಖಂಡಿತವಾಗಿ ಹೇಳಿತು. ಬ್ಯಾಂಕ್ ಸಾಲದ ಬಡ್ಡಿಯಲ್ಲಿ ಸಬ್ಸಿಡಿ ಪಡೆದು ಅಪಾರ್ಟ್‌ಮೆಂಟ್ ಕೊಂಡವರ ಬಾಗಿಲ ಮೇಲೆ ಇಂಥ ಗುರುತು ನಾನು ನೋಡಿಲ್ಲ. ನಮ್ಮದನ್ನು ಬರೆಸಿದೆವು, ಬಾಕಿ ಕಂತು ಬರಬೇಕಿತ್ತಲ್ಲ. ಪೇಂಟರಿಗೆ ಹೇಳಿ ಅದರ ಮೇಲೆ ಅವ್ವನ ಹೆಸರನ್ನು ದೊಡ್ಡದಾಗಿ ಬರೆಸಿದೆ.

ಈಗ ಅರ್ಜಿ ಹಾಕುವವರಿಗೆ 2024ರ ಸೆಪ್ಟೆಂಬರ್‌ನಲ್ಲಿ ಶುರುವಾದ ಎರಡನೇ ಹಂತ ಇದೆ. ಸ್ವಂತ ಜಾಗದಲ್ಲಿ ಕಟ್ಟುವುದು, ಸರ್ಕಾರ ಪಾಲುಗೊಂಡು ಕಟ್ಟುವ ಮನೆ ಕೊಳ್ಳುವುದು, ಬಾಡಿಗೆ ವಸತಿ, ಬಡ್ಡಿ ಸಬ್ಸಿಡಿ ಎಂಬ ನಾಲ್ಕು ದಾರಿಗಳಿವೆ. ಬಡ್ಡಿ ಸಬ್ಸಿಡಿ ಈಗ ಗರಿಷ್ಠ 1.80 ಲಕ್ಷ, ಅದೂ ವರ್ಷಕ್ಕೊಂದರಂತೆ ಐದು ಕಂತುಗಳಲ್ಲಿ, ಯಾರಾದರೂ 2.67 ಎಂದರೆ ನಂಬಬೇಡಿ. ವಿಧವೆಯರು, ಒಂಟಿ ಮಹಿಳೆಯರು, ಅಂಗವಿಕಲರು, ಪೌರಕಾರ್ಮಿಕರು, ಬೀದಿ ವ್ಯಾಪಾರಿಗಳಿಗೆ ವಿಶೇಷ ಗಮನ ಎಂದು ಮಾರ್ಗಸೂಚಿಯಲ್ಲಿ ಸ್ಪಷ್ಟವಾಗಿ ಬರೆದಿದೆ. ಬ್ಯಾನರಿನಲ್ಲಿ ಅವರನ್ನು ಇನ್ನೂ ಬರೆದಿಲ್ಲವಾದ್ದರಿಂದ ನಾನೂ ಅವ್ವನೂ ಮನೆಮನೆಗೆ ಹೋಗಿ ಹೇಳುತ್ತಿದ್ದೇವೆ. ಎದುರುಮನೆ ಅಕ್ಕನಿಗೆ ಜಾಗವಿಲ್ಲ. ಆಶ್ರಯ ನಿವೇಶನಕ್ಕೆ ಅರ್ಜಿ ಬರೆದಾಗಿದೆ, ಆದಾಯ ಪ್ರಮಾಣಪತ್ರ ಒಂದು ಬರಬೇಕು. ಬಂದ ಕೂಡಲೇ ಪುರಸಭೆಗೆ ಹೋಗಿ ಕೊಟ್ಟು ಸ್ವೀಕೃತಿ ತರುತ್ತೇವೆ.